ಉಸ್ತಾದ್ ಗಾಡಿ ನಿಲ್ಲಿಸಿದ ದಿನ

ನನಗ ಒಂದು ಹುಚ್ಚೈತಿ. ಆಫೀಸದಾಗ ಯಾರರೆ "ಆತು, ಹಿಂಗ ಮಾಡೋಣ" ಅಂದ್ರ ಸಾಕು, ಇವರು ಈ ನಿರ್ಣಯಕ್ಕ ಹೆಂಗ ಬಂದ್ರು ಅಂತ ತಲಿ ಕೆಡಿಸ್ಕೊಂಡು ಕೂಡ್ತೀನಿ. ನಾ ಕಾಲೇಜಿನ ಮೆಟ್ಟಿಲ ಹತ್ತಿದಾವ ಅಲ್ಲ. ನಾಸಿಕದ ರದ್ದಿ ಅಂಗಡ್ಯಾಗ ರಟ್ಟು ಕಿತ್ತಿದ್ದೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು, ಮ್ಯಾನೇಜರ್ ಮಂದಿ ಹೆಂಗ ವಿಚಾರ ಮಾಡಬೇಕು ಅನ್ನೋದರ ಬಗ್ಗೆ. ಡಿಕ್ಷನರಿ ಬಾಜೂಕ ಇಟ್ಕೊಂಡು ಅರ್ಧ ಓದಿದೆ, ಇನ್ನರ್ಧ ಅಂದಾಜು ಮಾಡಿದೆ. ನಾವು ಬೀದರ ಕಡಿಯವರು, ಆದ್ರ ನಾ ಬೆಳದದ್ದು ಇಲ್ಲೇ. ಹಿಂಗಾಗಿ ನನ್ನ ಕನ್ನಡದಾಗ ಮರಾಠಿ ಹಳ್ಳು ಸಿಗ್ತಾವ, ಆರಿಸ್ಕೊಂಡು ಓದ್ರಿ.

ನಾನಾಗ ಒಂದು ಲಾರಿ ಆಫೀಸದಾಗ ಕ್ಲರ್ಕ ಇದ್ದೆ. ಮಾಲಕರು ಮುಂಬೈದಾಗ. ನಾಸಿಕ ಮತ್ತ ಔರಂಗಾಬಾದ್ ಎರಡೂ ಕಡಿ ಕಾರಭಾರ ನೋಡ್ತಿದ್ದವರು ನಮ್ಮ ಮ್ಯಾನೇಜರ್ ಸಾಹೇಬ್ರು, ಕಲಬುರ್ಗಿಯವರು. ಮೆತ್ತಗ ಮಾತಾಡೋ ಮನಷಾ. ಎಲ್ಲಾರಕಿಂತ ಹಳೇ ಡ್ರೈವರ್ ಭಾಲ್ಕಿ ಕಡಿಯವರು. ಅವರಿಗೆ ಎಲ್ಲಾರೂ ಉಸ್ತಾದ್ ಅಂತಿದ್ದಿವಿ. ಅವರ ಹೆಂಡ್ತಿ ತಮ್ಮನೇ ಅವರ ಗಾಡಿಗೆ ಕ್ಲೀನರ್. ಮೀಸಿ ಬಂದು ಎಷ್ಟೋ ವರ್ಷ ಆಗಿತ್ತು, ಲೈಸನ್ಸೂ ಇತ್ತು. ಆದ್ರ ಉಸ್ತಾದ್ ಅವನ ಕೈಗೆ ಸ್ಟೇರಿಂಗ್ ಕೊಡ್ತಿರಲಿಲ್ಲ.

ಒಂದಿನ ಘೋಟಿಯಿಂದ ತಕರಾರು ಬಂತು. ಉಸ್ತಾದ್ ಗಾಡಿ ಒಬ್ಬ ವ್ಯಾಪಾರಿ ಅಂಗಡಿ ತಗಡು ಕಿತ್ಕೊಂಡು ಹೋಗಿತ್ತು. ಹಿಂದಕ್ಕೂ ಒಮ್ಮೆ ಹಿಂಗ ಆಗಿತ್ತು. ಮಾಲಕರು ಟ್ರಂಕ್ ಕಾಲ್ ಹಚ್ಚಿದ್ರು: "ಅವನ್ನ ಇಳಸ್ತೀರೋ ಇಟ್ಕೋತೀರೋ, ಶನಿವಾರ ಹೇಳ್ರಿ."

ಇಂಥಾ ಅವಕಾಶಕ್ಕ ನಾ ಕಾಯ್ತಿದ್ದೆ ನೋಡ್ರಿ! ಆಫೀಸ್ ಟೈಪರೈಟರ್ ಮ್ಯಾಲ ಟಕಟಕ ಹೊಡದು ದೊಡ್ಡದೊಂದು ಹಾಳಿ ತಯಾರ ಮಾಡಿದೆ. ಈ ಕಡಿ ಇಳಿಸಿದ್ರ ಏನು ಲಾಭ, ಆ ಕಡಿ ಇಟ್ಕೊಂಡ್ರ ಏನು ಲಾಭ. ಸಾಹೇಬ್ರು ಕನ್ನಡಕ ಏರಿಸ್ಕೊಂಡು ಎಲ್ಲಾ ಓದಿದ್ರು.

"ಭಾಳ ಛಲೋ ಮಾಡೀದಿ. ಎಷ್ಟು ಹೊತ್ತು ಹಿಡೀತು?"

"ಮಧ್ಯಾಹ್ನದ ಊಟ ಬಿಟ್ಟೀನ್ರಿ ಸಾಹೇಬ್ರ."

"ಹಂಗಾರ ಮೊದಲ ಉಣ್ಣು. ನಾಳೆ ಬೆಳಿಗ್ಗೆ ಉಸ್ತಾದ್ ಗಾಡ್ಯಾಗ ಔರಂಗಾಬಾದಿಗೆ ಹೋಗಿ ಬರೋಣ."

ಅದು ಅವರ ಪದ್ಧತಿ. ಒಬ್ಬರ ಕೆಲಸದ ಬಗ್ಗೆ ಏನರೆ ಠರಾಯಿಸಬೇಕಾದ್ರ ಒಂದಿನ ಅವರ ಬಾಜೂಕ ಕೂತು ಬರ್ತಿದ್ರು. ಹಮಾಲರ ಜಗಳಾ ಆದಾಗ ದಿನಾ ಎಲ್ಲಾ ಗೋಡೌನದಾಗ ಚೀಲದ ಮ್ಯಾಲ ಕೂತಿದ್ದರಂತ. ನನ್ನ ಪುಸ್ತಕದಾಗ ಇದು ಇರಲಿಲ್ಲ. ಅಥವಾ ನಾ ಅಂದಾಜು ಮಾಡಿದ ಅರ್ಧದಾಗ ಇತ್ತೋ ಏನೋ.

ಬೆಳಿಗ್ಗೆ ಸಾಹೇಬ್ರನ್ನ ನೋಡಿದ ಕೂಡಲೆ ಯಾಕ ಬಂದಾರಂತ ಉಸ್ತಾದಗ ತಿಳೀತು. ಸೀಟ ಝಾಡಿಸಿ, "ಬರ್ರಿ ಸಾಹೇಬ್ರ, ನಮ್ಮ ಅರಮನಿಗೆ" ಅಂದ್ರು. ಗೇರ್ ಹಾಕುವಾಗ ನನ್ನ ಕಿವ್ಯಾಗ ಮಾತ್ರ ಹೇಳಿದ್ರು: "ತಮ್ಮಾ, ಊರಾಗ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಲಾರಿಯಾಂವ ಅಂದ್ರ ಗುರುತು ಹಿಡೀತಾರ. ಇದರಿಂದ ಇಳದ್ರ ನಾ ಯಾರಂತ ಹೇಳ್ಲಿ?"

ನಾ ನನ್ನ ಹಾಳಿ ಕಿಸೆದಾಗ ಇನ್ನಷ್ಟು ಒಳಗ ತುರಕಿದೆ.

ಎಂಜಿನ್ ಮ್ಯಾಲಿನ ಗಾದಿ ಮ್ಯಾಲ ನಾನು, ನನ್ನ ಬಾಜೂಕ ಸಾಹೇಬ್ರು, ಎಡಗಡಿ ಬಾಗಲಕ್ಕ ಕ್ಲೀನರ್. ಚಾಂದವಡ್ ತನಕ ಬಿಸಲು ಮಾರಿ ಮ್ಯಾಲ. ಉಸ್ತಾದ್ ಕಣ್ಣು ಕಿರಿದು ಮಾಡಿ, ಮುಂದ ಬಾಗಿ ಹೊಡೀತಿದ್ರು. ಸಾಹೇಬ್ರು ನನ್ನ ಕಡಿ ಕೈ ಚಾಚಿದ್ರು.

"ನಿನ್ನ ಆ ಹಾಳಿ ಕೊಡು."

ಕೊಟ್ಟೆ. ಅದನ್ನ ಮಡಚಿ ಉಸ್ತಾದ್ ಮುಂದಿನ ಗಾಜಿಗೆ, ಮ್ಯಾಲ, ಬಿಸಲಿಗೆ ಅಡ್ಡ ಸಿಗಿಸಿದ್ರು.

"ಏನ್ರಿ ಇದು ಸಾಹೇಬ್ರ?"

"ನಮ್ಮ ಹುಡುಗಾ ನಿಮ್ಮ ಸಲುವಾಗಿ ಊಟಾ ಬಿಟ್ಟು ಮಾಡ್ಯಾನ."

"ಹೌದೇನಪಾ? ಭಾರಿ ಉಪಯೋಗ ಆತು ನೋಡು!" ಅಂತ ಉಸ್ತಾದ್ ನಕ್ಕರು. ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಚಾಂದವಡದಾಗ ಉಳ್ಳಾಗಡ್ಡಿ ತುಂಬಿಸ್ಕೊಂಡು ಮನಮಾಡ್ ದಾಟಿದ ಮ್ಯಾಲ ನನಗೊಂದು ಸಪ್ಪಳ ಕೇಳಾಕ ಹತ್ತಿತು. ಕ್ಲೀನರ್ ಕೈ ಹೊರಗ ಬಿಟ್ಟು ಬಾಗಲಾ ಬಡೀತಿದ್ದ. ಒಮ್ಮೆ ಬಡದ್ರ ತಡಿ, ಎರಡು ಸಲ ಬಡದ್ರ ನಡಿ. ಗಾಡಿ ಹಿಂದ ತಗೊಳ್ಳುವಾಗ ಎಲ್ಲಾ ಕ್ಲೀನರೂ ಬಡೀತಾರ, ಅದೇನು ಹೊಸದಲ್ಲ. ಆದ್ರ ಇಂವ ಸೀದಾ ರಸ್ತಾದಾಗ ಬಡೀತಿದ್ದ. ಎದುರಿಗೆ ಎತ್ತಿನ ಬಂಡಿ ಬಂತು, ಟಪ್. ಬಂಡಿ ದಾಟ್ತು, ಟಪ್ ಟಪ್. ಉಸ್ತಾದ್ ಕಾಲು ಆ ಸಪ್ಪಳ ಕೇಳೇ ಬ್ರೇಕಿಗೆ ಹೋಗ್ತಿತ್ತು. ನಾ ಸಾಹೇಬ್ರ ಮಾರಿ ನೋಡಿದೆ. ಅವರು ಕಿಡಕಿ ಹೊರಗ ನೋಡ್ತಿದ್ರು.

ಯೇವಲಾದಾಗ ಚಹಾ ಕುಡದ್ವಿ. ಹೊರಡುವಾಗ ಸಾಹೇಬ್ರು ಕ್ಲೀನರ್ ಭುಜದ ಮ್ಯಾಲ ಕೈ ಇಟ್ಟು, "ನೀ ನಡಕ ಕೂಡಪಾ. ನನಗ ಗಾಳಿ ಬೇಕು" ಅಂದ್ರು. ಅಂವ ಗಾಬರಿಯಾಗಿ ಉಸ್ತಾದ್ ಮಾರಿ ನೋಡಿದ. ಉಸ್ತಾದ್ ನೋಡದಂಗ ಮಾಡಿ ಗಾಡಿ ಚಾಲೂ ಮಾಡಿದ್ರು.

ಊರು ದಾಟಿದ್ವಿ. ಮುಂದ ಕುರಿ ಹಿಂಡು. ಕ್ಲೀನರ್ ಕುಂತಲ್ಲೇ ಚಡಪಡಿಸಿದ. ಅಷ್ಟರಾಗ ಎಡಗಡಿಯಿಂದ ಸಪ್ಪಳ ಬಂತು. ಟಪ್.

ಸಾಹೇಬ್ರು ಬಡದಿದ್ರು.

ಗಾಡಿ ನಿಧಾನ ಆತು. ಕುರಿ ಹೋದುವು. ಟಪ್ ಟಪ್. ಮುಂದ ಒಂದು ಎಸ್.ಟಿ. ಬಸ್ ಬಂತು, ಸಾಹೇಬ್ರು ಮತ್ತ ಬಡದ್ರು. ಅವರಿಗೆ ರೂಢಿ ಇರಲಿಲ್ಲ, ಒಮ್ಮೊಮ್ಮೆ ತಡಾ ಆಗ್ತಿತ್ತು, ಒಮ್ಮೊಮ್ಮೆ ಸುಮ್ಮಸುಮ್ಮನ ಅಂಜಿ ಬಡೀತಿದ್ರು. ಮ್ಯಾಲ ನನ್ನ ಹಾಳಿ ಗಾಳಿಗೆ ಪಟಪಟ ಅಂತಿತ್ತು.

ವೈಜಾಪುರ ಇನ್ನೂ ಮುಂದ ಇತ್ತು. ಒಂದು ಬೇವಿನ ಗಿಡದ ಬುಡಕ್ಕ ಉಸ್ತಾದ್ ಗಾಡಿ ನಿಲ್ಲಿಸಿದ್ರು. ಯಾರೂ ಬಡದಿರಲಿಲ್ಲ.

"ನಿಮಗ ತಿಳೀತಲ್ರಿ ಸಾಹೇಬ್ರ."

"ನಾ ಏನೂ ಅಂದಿಲ್ಲ, ಉಸ್ತಾದ್."

"ಬೈರಿ. ಇಳಿ ಅನ್ರಿ. ಹಿಂಗ ಸುಮ್ಮ ಕೂತು ಬಾಗಲಾ ಬಡದ್ರ ನಾ ಹೆಂಗ ತಡಕೊಳ್ಳಲಿ?"

ಸಾಹೇಬ್ರು ಬಾಗಲದ ಮ್ಯಾಲಿನ ಕೈ ಒಳಗ ತಗೊಂಡು, "ನಿಮ್ಮನ್ನ ಇಳಿಸಾಕ ನನ್ನ ಬಾಯಿ ಏಳವಲ್ದು" ಅಂದ್ರು. "ಇದ ಗಾಡ್ಯಾಗ ನಿಮ್ಮ ಬಾಜೂಕ ಕೂತು ನಾ ಈ ರಸ್ತಾ ಕಲ್ತೀನಿ. ನೀವ ಹೇಳ್ರಿ. ನೀವು ಹೇಳಿದ್ದನ್ನ ನಾ ಮಾಲಕರಿಗೆ ಹೇಳ್ತೀನಿ."

ಉಸ್ತಾದ್ ಸ್ಟೇರಿಂಗ್ ಮ್ಯಾಲ ಎರಡೂ ಕೈ ಇಟ್ಕೊಂಡು ಕೂತ್ರು. ಆಮ್ಯಾಲ ಟವೆಲಿಲೆ ಅದನ್ನ ಸುತ್ತಲೂ ಒರಸಿದ್ರು, ಯಾರಿಗೋ ಕೊಡೂಕಿಂತ ಮೊದಲ ತಾಟು ಒರಸಿದಂಗ.

"ಏ, ಬಾರೋ ಈ ಕಡಿ."

"ಮಾಮಾ, ನಾ ಒಲ್ಲೆ" ಅಂದ ಕ್ಲೀನರ್. ಅವನ ದನಿ ಅವತ್ತ ಮೊದಲ ಸಲ ಕೇಳಿದ್ದು ನಾ.

"ಒಲ್ಲೆ ಅನ್ನಾಕ ನಿನ್ನ ಕೇಳಿದವರ್ಯಾರು? ಕೂಡು. ಕ್ಲಚ್ ಬಿರಸೈತಿ, ನಿಮ್ಮಕ್ಕನಂಗ. ಹಗುರಕ ಒತ್ತು."

ಎಲ್ಲಾರೂ ನಕ್ಕು ಬಿಟ್ವಿ. ಉಸ್ತಾದ್ ಸುತ್ತು ಹಾಕಿ ಬಂದು ಎಡಗಡಿ ಬಾಗಲಾ ಹತ್ತಿದ್ರು. ಸಾಹೇಬ್ರು ಸರದು ಜಾಗಾ ಕೊಟ್ರು. ಔರಂಗಾಬಾದ್ ಬರೂತನಕ ಉಸ್ತಾದ್ ಕೈ ಬಾಗಲದ ಮ್ಯಾಲ ಇತ್ತು, ಒಮ್ಮೆನೂ ಬಡೀಲಿಲ್ಲ.

ಶನಿವಾರ ಸಾಹೇಬ್ರು ಫೋನಿನಾಗ ಹೇಳಿದ್ದು ನಾ ಬಾಜೂಕ ನಿಂತು ಕೇಳೀನಿ: "ನಾವು ಇಳಿಸಿಲ್ರಿ. ಅವರೇ ಗಾಡಿ ಮೈದುನನ ಕೈಗೆ ಒಪ್ಪಿಸ್ಯಾರ. ಔರಂಗಾಬಾದ್ ಗೋಡೌನಿಗೆ ನನಗೊಬ್ಬರು ಹಿರೇರು ಬೇಕಾಗ್ಯಾರ, ಅವರನ್ನ ಅಲ್ಲಿ ಇಟ್ಕೋತೀನಿ." ಮಾಲಕರು ಏನೋ ಗೊಣಗಿದ್ರು. ಸಾಹೇಬ್ರು ಮತ್ತ ಅದನ್ನ ಹೇಳಿದ್ರು, ಅಷ್ಟ ಮೆತ್ತಗ.

ಅಲ್ಲಿಯ ದೊಡ್ಡ ದವಾಖಾನ್ಯಾಗ ಉಸ್ತಾದ್ ಕಣ್ಣಿನ ಪೊರಿ ತಗಸಿದ್ರು. ಈಗ ಬಾಟಲಿ ಬುಡದಂಥಾ ಕನ್ನಡಕ ಹಾಕ್ಕೊಂಡು ಗೋಡೌನ್ ಬಾಗಲದಾಗ ನಿಂತಿರ್ತಾರ.

ಈ ನಿರ್ಣಯ ಮ್ಯಾನೇಜರ್ ತಗೊಂಡರೋ ಡ್ರೈವರ್ ತಗೊಂಡರೋ, ಇನ್ನೂ ನನಗ ಬಗೆಹರದಿಲ್ಲ. ಪುಸ್ತಕ ಮತ್ತ ಮೊದಲಿಂದ ಓದಾಕ ಹತ್ತೀನಿ. ಮೊನ್ನೆ ಔರಂಗಾಬಾದಿಗೆ ಹೋಗಿದ್ದೆ. ನಾಸಿಕದ ಗಾಡಿ ಬಂತು, ಮೈದುನ ಹಿಂದ ತಗೋತಿದ್ದ. ಅವನ ಕ್ಲೀನರ್ ಬಾಗಲಾ ಎರಡು ಸಲ ಬಡದ, ಬಾ ಬಾ ಅಂತ. ಗಾಡಿ ಅಲುಗಲಿಲ್ಲ. ಉಸ್ತಾದ್ ನಡಕೋತ ಬಂದು, ಹಿಂದಿನ ಹಲಗಿಗೆ ಬೆನ್ನು ಕೊಟ್ಟು ನಿಂತು ಗೋಡೌನದ ಗ್ವಾಡಿ ಎಷ್ಟು ದೂರ ಐತಿ ನೋಡಿದ್ರು. ಆಮ್ಯಾಲ ಬಾಜೂಕ ಸರದು ಹಲಗಿಗೆ ಅಂಗೈಲೆ ಬಡದ್ರು, ಟಪ್ ಟಪ್.

ಆಗ ಗಾಡಿ ಹಿಂದ ಬಂತು.