ಕಾರಿನಿಂದ ಇಳಿಯದ ಸಮೀಕ್ಷೆ

ವಂಡ್ಸೆಯಿಂದ ಕೊಲ್ಲೂರಿಗೆ ಹೋಗುವ ರಸ್ತೆಯನ್ನು ಅಗಲ ಮಾಡುವ ಮೊದಲು, ಅಕ್ಕಪಕ್ಕದಲ್ಲಿ ಹಳೆಯ ಶಾಸನ, ವೀರಗಲ್ಲುಗಳಿವೆಯೇ ಎಂದು ನೋಡಿ ವರದಿ ಕೊಡಲು ಇಬ್ಬರು ಅಧಿಕಾರಿಗಳು ಬಂದಿದ್ದರು. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ನನ್ನನ್ನು ಊರು ಬಲ್ಲವನೆಂದು ಜೊತೆಗೆ ಕರೆದರು. ಖುಷಿಯಿಂದಲೇ ಹೋದೆ. ಕಲ್ಲಿನ ಹಾವಸೆ ಉಜ್ಜಲು ಬ್ರಷ್ಷು ಕೂಡ ಚೀಲಕ್ಕೆ ಹಾಕಿಕೊಂಡಿದ್ದೆ.

ಕಾರು ಎಲ್ಲೂ ನಿಲ್ಲಲಿಲ್ಲ. ಎಸಿ ಹಾಕಿದ್ದರಿಂದ ಗಾಜೂ ಇಳಿಯಲಿಲ್ಲ. ವಂಡ್ಸೆ ದಾಟಿದ ಮೇಲೆ ಒಂದು ತಿರುವಿನಲ್ಲಿ ವೀರಗಲ್ಲೊಂದು ನಿಂತಿತ್ತು. ಕೆಳಗೆ ಕತ್ತಿ ಹಿಡಿದು ಹೋರಾಡುವವನು, ಮೇಲೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ಕೆಲಸದಲ್ಲಿದ್ದಾಗ ವರ್ಷವೂ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. "ಇಲ್ಲಿ ನಿಲ್ಲಿಸಿ," ಎಂದೆ.

"ವಾಪಸು ಬರುವಾಗ ನೋಡೋಣ ಸಾರ್," ಎಂದರು ಮುಂದಿನ ಸೀಟಿನ ಹಿರಿಯರು.

ಕೊಲ್ಲೂರಿನಲ್ಲಿ ದೇವರ ದರ್ಶನವಾಯಿತು, ಊಟವಾಯಿತು. ವಾಪಸು ಬರುವಾಗ ಕಾರು ವಂಡ್ಸೆಯ ದಾರಿ ಬಿಟ್ಟು ಬೈಂದೂರಿನ ರಸ್ತೆ ಹಿಡಿಯಿತು. ಕಲ್ಲಿನ ಮಾತೆತ್ತಿದೆ. "ನೀವು ಹೇಳಿದಿರಲ್ಲ, ಅಷ್ಟು ಸಾಕು," ಎಂದು ನನ್ನನ್ನು ಬೈಂದೂರು ಬಸ್ ನಿಲ್ದಾಣದಲ್ಲಿ ಇಳಿಸಿ ಹೋದರು.

ಮಳೆಗಾಲ ಮುಗಿದು ಕೆಲಸ ಶುರುವಾಯಿತು. ಒಂದು ಬೆಳಿಗ್ಗೆ, ಆ ತಿರುವಿನಲ್ಲಿ ಮೀನು ಮಾರುವ ಅಕ್ಕ ಫೋನ್ ಮಾಡಿದರು. "ಮಾಷ್ಟ್ರೇ, ಕಲ್ಲ್ ಕೀಳ್ತಾ ಇದ್ರ್. ಬೇಗ ಬನ್ನಿ."

ಸ್ಕೂಟರಿನಲ್ಲಿ ನಾನು ಮುಟ್ಟುವಷ್ಟರಲ್ಲಿ ಕಲ್ಲು ಎರಡು ತುಂಡಾಗಿತ್ತು. ಹೋರಾಡುವವನಿದ್ದ ತುಂಡನ್ನು ಮೋರಿಯ ಹೊಂಡಕ್ಕೆ ತಳ್ಳಿ ಮೇಲೆ ಕಾಂಕ್ರೀಟು ಸುರಿದಾಗಿತ್ತು. ಉಳಿದ ತುಂಡಿನ ಮೇಲೆ ಅಕ್ಕ ಮೀನಿನ ಬುಟ್ಟಿ ಸಮೇತ ಕುಳಿತಿದ್ದರು. ಎದುರಿಗೆ ಜೆಸಿಬಿ. ಕೆಲಸದ ಎಂಜಿನಿಯರು ಅವರಿಗೆ ಏಳಿ ಎನ್ನುತ್ತಿದ್ದ.

"ನಾ ಏಳುದಿಲ್ಲೆ. ನೀವ್ ಎಂತ ಮಾಡ್ತ್ರಿ, ಮಾಡಿ," ಎಂದರು ಅಕ್ಕ.

"ಯಾರನ್ನು ಕೇಳಿ ಕಿತ್ತಿರಿ?" ಎಂದು ಎಂಜಿನಿಯರನ್ನು ಕೇಳಿದೆ.

"ಸರ್ವೆ ಆಗಿದೆ ಸಾರ್. ಈ ದಾರಿಯಲ್ಲಿ ಏನೂ ಇಲ್ಲವಂತೆ. ಊರಿನ ಇತಿಹಾಸದ ಮೇಷ್ಟ್ರೂ ಜೊತೆಗಿದ್ದು ನೋಡಿದ್ದಾರಂತೆ."

"ಆ ಮೇಷ್ಟ್ರು ನಾನೇ," ಎಂದೆ.

ಅವನು ಜೆಸಿಬಿ ನಿಲ್ಲಿಸುವಂತೆ ಕೈಸನ್ನೆ ಮಾಡಿದ. ಕಲ್ಲನ್ನು ಬೆರಳಿಟ್ಟು ತೋರಿಸಿದವನನ್ನೇ, ಕಲ್ಲಿಲ್ಲವೆನ್ನುವುದಕ್ಕೆ ಸಾಕ್ಷಿ ಮಾಡಿಕೊಂಡಿದ್ದರು. ಅಲ್ಲಿಂದಲೇ ಆ ಹಿರಿಯರಿಗೆ ಫೋನ್ ಮಾಡಿದೆ.

"ಇಂಥ ಕಲ್ಲು ಎಲ್ಲಾ ಕಡೆ ಇರುತ್ತವೆ ಸಾರ್. ಇದೊಂದಕ್ಕೆ ಯಾಕಿಷ್ಟು?"

"ಸತ್ತವನಿಗೆ ಇದ್ದದ್ದು ಇದೊಂದೇ," ಎಂದೆ. ಫೋನ್ ಕಟ್ಟಾಯಿತು.

ಅಕ್ಕಪಕ್ಕದ ಮನೆಯವರು ಸೇರಿ, ಉಳಿದ ತುಂಡನ್ನು ಹಗ್ಗ ಕಟ್ಟಿ ಎತ್ತಿ, ಗೂಡ್ಸ್ ರಿಕ್ಷಾದಲ್ಲಿ ಶಾಲೆಯ ಅಂಗಳಕ್ಕೆ ತಂದರು. ಈಗ ಅಲ್ಲಿ ಅಪ್ಸರೆಯರಷ್ಟೇ ಇದ್ದಾರೆ. ಅವರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ಮಕ್ಕಳಿಗೆ ನಾನು ಬಾಯಲ್ಲೇ ಹೇಳಬೇಕು.

ಅದೇ ಇಬ್ಬರು ಬ್ರಹ್ಮಾವರದ ಕಡೆ ಇನ್ನೊಂದು ರಸ್ತೆ ನೋಡಲು ಬರುತ್ತಾರೆಂದು ಮೊನ್ನೆ ತಿಳಿಯಿತು. ಅಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಕರೆದರೆ ಹೋಗಿ, ಆದರೆ ಕಾರು ಹತ್ತಬೇಡಿ, ಅವರನ್ನೂ ನಡೆಸಿಕೊಂಡೇ ಹೋಗಿ ಎಂದು ಹೇಳಿಟ್ಟಿದ್ದೇನೆ.