ಶಿಳ್ಳೆಯ ಗರಿ

ಅಬುಧಾಬಿಯ ಅಲ್ ಮೀನಾದ ಮೀನು ಮಾರುಕಟ್ಟೆಗೆ ಹೋದದ್ದು ಬಂಗುಡೆ ತರಲು. ಬಂದದ್ದು ಬಂಗುಡೆಯ ಜೊತೆ ಒಂದು ಪಾರಿವಾಳವನ್ನೂ ಹಿಡಿದುಕೊಂಡು. ೨೦೧೪ರ ಮಾತು. ಹಕ್ಕಿ ಅಂಗಡಿಯ ಪಂಜರದಲ್ಲಿ ಅದು ಕಡ್ಡಿಯಂಥ ಕಪ್ಪು ಜುಟ್ಟು ನೆಟ್ಟಗೆ ನಿಲ್ಲಿಸಿಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಆಸ್ಟ್ರೇಲಿಯದ ಹಕ್ಕಿ, ಚೆನ್ನಾಗಿ ಶಿಳ್ಳೆ ಹೊಡೆಯುತ್ತದೆ ಎಂದ ಅಂಗಡಿಯವ. ಗಂಡ ಬೇಡ ಅಂದರು. ಬೇಡ ಅಂದದ್ದಕ್ಕೇ ನನಗೆ ಬೇಕಾಯಿತು.

ಅಲ್ಲಿಂದ ಒಂದೂವರೆ ಗಂಟೆ ದೂರದ ಕರಾಮದ ನಮ್ಮ ಫ್ಲ್ಯಾಟಿಗೆ ತಂದು ತಿಂಗಳಾದರೂ ಅದು ಶಿಳ್ಳೆ ಹೊಡೆಯಲಿಲ್ಲ. ಪಂಜರದ ನೆಲಕ್ಕೆ ಚೆಲ್ಲಿದ ಕುಚ್ಚಲಕ್ಕಿ ಹೆಕ್ಕುವುದು, ಬಾಲ ಬಿಚ್ಚಿ ತಲೆ ಬಗ್ಗಿಸಿ ನನ್ನ ಸ್ಟೀಲ್ ಲೋಟಕ್ಕೆ ನಮಸ್ಕಾರ ಹಾಕುವುದು, ಇಷ್ಟೇ. ಗಂಟಲು ಕಟ್ಟಿರಬೇಕೆಂದು ಶುಂಠಿ, ಕರಿಮೆಣಸಿನ ಕಷಾಯ ಕಾಯಿಸಿ, ಆರಿಸಿ ಇಟ್ಟೆ. ಅದು ಮೂಸಿಯೂ ನೋಡಲಿಲ್ಲ.

ಮಗಳು ಊದ್ ಮೇಥಾದ ಶಾಲೆಯಿಂದ ಹಕ್ಕಿಗಳ ಪುಸ್ತಕ ತಂದಳು. "ಅಮ್ಮಾ, ನಾಟ್ ದ ಥ್ರೋಟ್! ಇಟ್ಸ್ ದ ವಿಂಗ್!" ಈ ಹಕ್ಕಿ ಹೆದರಿ ಹಾರುವಾಗ ರೆಕ್ಕೆಯ ಒಂದು ಸಪೂರ ಗರಿ ಶಿಳ್ಳೆ ಹಾಕುತ್ತದಂತೆ, ಅದನ್ನು ಕೇಳಿ ಉಳಿದವೂ ಹಾರಿ ಪಾರಾಗುತ್ತವಂತೆ. ರೆಕ್ಕೆ ಬಿಡಿಸಿ ನೋಡಿದೆ. ಹಾರಿಹೋಗದಿರಲೆಂದು ಅಂಗಡಿಯವ ಉದ್ದ ಗರಿಗಳನ್ನೆಲ್ಲ ಅರ್ಧಕ್ಕೆ ಕತ್ತರಿಸಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ಇಂಥದ್ದಕ್ಕೆ ಕಷಾಯ ಕುಡಿಸಲು ಹೊರಟಿದ್ದೆನಲ್ಲ!

ಹಳೆಯ ಗರಿ ಉದುರಿ ಹೊಸದು ಬರಲು ತಿಂಗಳುಗಳೇ ಹಿಡಿದವು. ಪೂರ್ತಿ ಬಂದದ್ದು ಗಂಡನ ಕಣ್ಣಿಗೂ ಬಿತ್ತು.

"ಹೊರಗೆ ಹಾರಿದ್ರೆ ಕಾಗೆ ಬಿಡ್ತದಾ? ಈ ಬಿಸಿಲಲ್ಲಿ ಬದುಕ್ತದಾ? ಸ್ವಲ್ಪ ಕತ್ತರಿಸಿದ್ರೆ ಖಲಾಸ್."

"ಕತ್ತರಿ ಗಿತ್ತರಿ ಮಾಫಿ, ಇಲ್ಲವೇ ಇಲ್ಲ. ಕಿಟಕಿ ಬಾಗಿಲು ನಾನು ನೋಡಿಕೊಳ್ತೇನೆ. ಗರಿ ಮುಟ್ಟಿದ್ರೆ ಜಾಗ್ರತೆ!"

ಅವರ ಮಾತಿನಲ್ಲಿ ನ್ಯಾಯ ಇರಲಿಲ್ಲವೆಂದಲ್ಲ. ಆದರೆ ಹಕ್ಕಿಯ ಕೂಗನ್ನು ಮತ್ತೊಮ್ಮೆ ಕತ್ತರಿಸಲು ನಾನು ತಯಾರಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಾಲ್ಕನಿ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಹಾಲ್‌ನಲ್ಲಿ ಪಂಜರ ತೆರೆದೆ. ಹಕ್ಕಿ ಮೆಲ್ಲಗೆ ನಡೆದು ಬಂದು ಸೋಫಾದ ಬುಡದಲ್ಲಿ ಅಕ್ಕಿಕಾಳು ಹುಡುಕತೊಡಗಿತು. ಅಷ್ಟರಲ್ಲಿ ಗಂಡ ಅಡುಗೆಮನೆಯಿಂದ ಮೀನಿನ ಕತ್ತರಿ ಹಿಡಿದು ಬಂದರು. ಹಕ್ಕಿ ತಲೆಯೆತ್ತಿ ನೋಡಿತು, ಒಮ್ಮೆಲೇ ಹಾರಿತು.

ಎಂಥ ಶಿಳ್ಳೆ! ಒಳಕೋಣೆಯಲ್ಲಿ ಮಲಗಿದ್ದ ಮಗಳು ಎದ್ದು ಓಡಿಬಂದಳು. ಗಂಡ ತಲೆ ತಗ್ಗಿಸಿ ನೆಲದ ಮೇಲೆ ಕುಕ್ಕರಿಸಿಬಿಟ್ಟರು. ಹಕ್ಕಿ ಕರ್ಟನ್ ಸರಳಿನ ಮೇಲೆ ಜುಟ್ಟು ನಿಗುರಿಸಿ ಕೂತಿತ್ತು. ನನಗೆ ಖುಷಿಯಿಂದ ಅಳು ಬಂತು.

ಕತ್ತರಿಯನ್ನು ಗಂಡನ ಕೈಯಿಂದ ನಾನೇ ತೆಗೆದುಕೊಂಡೆ. ಇವತ್ತಿನವರೆಗೆ ಅದು ಬಂಗುಡೆಯ ಬಾಲ ಬಿಟ್ಟು ಬೇರೇನನ್ನೂ ಕತ್ತರಿಸಿಲ್ಲ.