ಬಾಗಿಲ ಹೊರಗೇ ನಿಂತ ಏಣಿ

ಬೆಳಗಿನ ಐದೂವರೆ. ಕಣಕಟ್ಟೆಯ ಹೊರಗಿನ ನಾರಿನ ಮಿಲ್ಲಿನಲ್ಲಿ ಇನ್ನೂ ಯಂತ್ರ ಶುರುವಾಗಿಲ್ಲ. ಅಂಗಳದಲ್ಲಿ ಕಾಯಿಸಿಪ್ಪೆ ಮನೆಯೆತ್ತರ ಬಿದ್ದಿದೆ. ಒಳಗೆ ಟಾರ್ಚ್ ಬೆಳಕಿನಲ್ಲಿ ಐವತ್ತೊಂದು ವರ್ಷದ ಭೀಮರಾಜ್ ಒಂದು ಕಟ್ಟು ಊದುಬತ್ತಿ ಹಚ್ಚಿ, ತೆಂಗಿನಕಾಯಿ ಕೀಳುವ ಗಳದ ತುದಿಗೆ ಬಿಗಿಯುತ್ತಿದ್ದಾರೆ. ಗಳ ಎತ್ತಿ ಆಫೀಸ್ ಕೋಣೆಯ ಚಾವಣಿಗೆ ಅಂಟಿದ ಬಿಳಿ ಡಬ್ಬಿಯ ಕೆಳಗೆ ಹಿಡಿಯುತ್ತಾರೆ. ಬಾಯಲ್ಲೇ ಎಣಿಕೆ ನಡೆದಿದೆ. ಹದಿನಾಲ್ಕಕ್ಕೆ ಡಬ್ಬಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಗೋಡೆಯ ಹೂಟರ್ ಊರೆಲ್ಲ ಏಳುವ ಹಾಗೆ ಕೂಗುತ್ತದೆ. ಕಾವಲಿನವನು ಬೆಚ್ಚಿ ಕಿವಿ ಮುಚ್ಚಿಕೊಳ್ಳುತ್ತಾನೆ. ಭೀಮರಾಜ್ ಮುಖದಲ್ಲಿ ಮಾತ್ರ ನೆಮ್ಮದಿ.

"ಪೂಜಾರಿಗಿಂತ ಜಾಸ್ತಿ ಊದುಬತ್ತಿ ಸುಟ್ಟಿದ್ದೀನಿ ಕಣ್ರೀ ನಾನು. ಪುಣ್ಯ ಮಾತ್ರ ಯಾರ ಪಾಲಿಗೆ ಹೋಯ್ತೋ ಗೊತ್ತಿಲ್ಲ" ಎನ್ನುತ್ತಾ ಗಳ ಇಳಿಸುತ್ತಾರೆ.

ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಿನ ಅಂಗಡಿ, ಗೋದಾಮು, ಮಿಲ್ಲು, ಲಾಡ್ಜುಗಳಿಗೆ ಬೆಂಕಿಯ ಸುಳಿವು ಹಿಡಿಯುವ ಸಾಧನ ಆರಿಸಿಕೊಡುವುದು, ಕೂರಿಸುವುದು, ಆರು ತಿಂಗಳಿಗೊಮ್ಮೆ ಬಂದು ಅದಕ್ಕೆ ಜೀವ ಇದೆಯೇ ಎಂದು ನೋಡುವುದು ಭೀಮರಾಜ್ ಅವರ ಕಸುಬು. ಹದಿನೇಳು ವರ್ಷವಾಯಿತು. ದಿನಕ್ಕೆ ಸುಮಾರು ಅರವತ್ತು ಕಿಲೋಮೀಟರ್ ಬೈಕು ಸವಾರಿ. ಬೈಕಿನ ಪಕ್ಕಕ್ಕೆ ಕಟ್ಟಿದ ಒಂಬತ್ತು ಮೆಟ್ಟಿಲ ಅಲ್ಯೂಮಿನಿಯಂ ಏಣಿ. ಅದನ್ನು ದಿನಕ್ಕೆ ಕಡಿಮೆಯೆಂದರೂ ಮೂವತ್ತೈದು ಸಲ ಹತ್ತಿ ಇಳಿಯಬೇಕು. ಬಲಗಾಲಿನ ಮಂಡಿ ಈಚೆಗೆ ತಕರಾರು ತೆಗೆದಿದೆ. ಈ ಕೆಲಸದ ಕರ್ಮವೆಂದರೆ, ಇವರು ಚೆನ್ನಾಗಿ ಮಾಡಿದ ಕಡೆ ಏನೂ ನಡೆಯುವುದಿಲ್ಲ. ಏನೂ ನಡೆಯದಿದ್ದುದಕ್ಕೆ ಯಾರನ್ನಾದರೂ ಕರೆದು ಶಾಲು ಹೊದಿಸಿದ್ದನ್ನು ಯಾವ ಊರಿನಲ್ಲಿ ಕಂಡಿದ್ದೇವೆ?

ಈ ಮಿಲ್ಲಿನದೇ ಕಥೆ ಕೇಳಿ. ಮೊದಲು ಬೇರೆ ಊರಿನ ಕಂಪನಿಯವರು ಬಂದು ಎಲ್ಲ ಕಡೆಯೂ ಹೊಗೆ ಹಿಡಿಯುವ ಡಬ್ಬಿಗಳನ್ನೇ ಬಡಿದು ಹೋಗಿದ್ದರು. ನಾರಿನ ದೂಳು ಹಿಟ್ಟಿನಷ್ಟು ನುಣುಪು. ಡಬ್ಬಿಗೆ ಅದೂ ಹೊಗೆಯೇ. ದಿನಕ್ಕೆ ಮೂರು ಸಲ ಹೂಟರ್ ಕೂಗಿ, ಮೂರು ಸಲ ಯಂತ್ರ ನಿಂತು, ಕೊನೆಗೆ ಕೆಲಸದವರೇ ದಾರಿ ಕಂಡುಕೊಂಡರು: ಕೈಗೆ ಸಿಕ್ಕ ಕರಟಗಳನ್ನು ತಂದು ಒಂದೊಂದು ಡಬ್ಬಿಗೂ ಮುಚ್ಚಿ ಟೇಪು ಸುತ್ತಿದರು. "ಅಳತೆ ಕೊಟ್ಟು ಮಾಡಿಸ್ದಂಗೆ ಕೂತಿದ್ವು. ನೋಡಿ ನಗ್ಬೇಕೋ ಅಳ್ಬೇಕೋ ತಿಳೀಲಿಲ್ಲ" ಎನ್ನುತ್ತಾರೆ ಭೀಮರಾಜ್. ಹನ್ನೊಂದು ಕರಟ ಬಿಚ್ಚಿದರು. ಯಂತ್ರದ ಶೆಡ್ಡಿಗೆ ಶಾಖ ಹಿಡಿಯುವ ಡಬ್ಬಿ ಹಾಕಿ, ಹೊಗೆಯದನ್ನು ಆಫೀಸಿಗೂ ಕೆಲಸದವರು ಮಲಗುವ ಕೋಣೆಗೂ ಉಳಿಸಿದರು. ಆಮೇಲೆ ಅನವಶ್ಯಕವಾಗಿ ಅದು ಒಂದು ದಿನವೂ ಕೂಗಿಲ್ಲ.

"ಆರಿಸೋದು ಅಂದ್ರೆ ಕ್ಯಾಟಲಾಗ್ ನೋಡೋದಲ್ಲ, ಜಾಗ ನೋಡೋದು." ಹೊಸ ಜಾಗಕ್ಕೆ ಕಾಲಿಟ್ಟೊಡನೆ ಅವರು ಮೂರು ಪ್ರಶ್ನೆ ಕೇಳುತ್ತಾರೆ. ಇಲ್ಲಿ ಉರಿಯುವಂಥದ್ದು ಏನಿದೆ? ದಿನವೂ ಏಳುವ ಹೊಗೆ, ದೂಳು ಎಂಥದ್ದು? ಕೂಗಿದರೆ ಓಡಿ ಬರುವವರು ಯಾರು? ಮಾಲೀಕರು ಕೇಳುವುದು ಒಂದೇ: ಲೈಸೆನ್ಸಿಗೆ ಇಷ್ಟು ಸಾಕಾ? ಬೇಲೂರಿನ ಲಾಡ್ಜೊಂದರ ಮಾಲೀಕರು ಯಾವ ಡಬ್ಬಿ ಕೂಗಿತೆಂದು ತೋರಿಸುವ ಪ್ಯಾನೆಲ್ ಇದ್ದ ಕೋಣೆಗೆ ಬೀಗ ಜಡಿದು ಕೀಲಿಯನ್ನು ಹಾಸನದ ಮನೆಗೆ ಒಯ್ದಿದ್ದರು. ಹಳೇಬೀಡಿನ ಅಂಗಡಿಯೊಂದರಲ್ಲಿ, ಪ್ರವಾಸಿಗರು ಹೆದರುತ್ತಾರೆಂದು ಹೂಟರಿನ ಬಾಯಿಗೆ ಬಟ್ಟೆ ತುರುಕಿದ್ದರು. ಇದನ್ನೆಲ್ಲ ಭೀಮರಾಜ್ ನಗುತ್ತಲೇ ಹೇಳುತ್ತಾರೆ.

ಒಂಬತ್ತಕ್ಕೆ ಅರಸೀಕೆರೆಯಲ್ಲಿ ಇನ್ನೊಂದು ಕೆಲಸವಿದೆ. ಆ ಮಾತು ಬಂದಾಗ ನಗು ನಿಲ್ಲುತ್ತದೆ. ಎಂಟು ತಿಂಗಳ ಹಿಂದೆ ಅವರ ಹೆಸರು ಸುಟ್ಟುಹೋದ ಜಾಗಕ್ಕೇ ಅವರನ್ನು ಮತ್ತೆ ಕರೆದಿದ್ದಾರೆ.

ಅದು ಕೊಬ್ಬರಿ ವರ್ತಕ ಜಯದೇವಪ್ಪನವರ ಗೋದಾಮು. ಭೀಮರಾಜ್ ಅವರ ತಂದೆ ಗಿಡ್ಡಪ್ಪ ಅಲ್ಲಿ ಇಪ್ಪತ್ತೆರಡು ವರ್ಷ ಚೀಲ ಹೊತ್ತವರು. ಮಗ ಐಟಿಐ ಓದಿ, ಹಾಸನದ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ಅಲಾರಂ ಕೆಲಸ ಕಲಿತು ಊರಿಗೆ ಮರಳಿದಾಗ, "ನಮ್ಮ ಗಿಡ್ಡಪ್ಪನ ಮಗ" ಎಂದು ನಾಲ್ಕು ಮಂದಿ ವರ್ತಕರಿಗೆ ಪರಿಚಯ ಮಾಡಿಸಿದ್ದೂ ಜಯದೇವಪ್ಪನವರೇ. ಅವರು ಕೆಟ್ಟವರಲ್ಲ. ಕಷ್ಟ ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ನಾಲ್ಕು ಮಾತು ಬೈದು ಮರೆತುಬಿಡಬಹುದಿತ್ತು.

ನಾಲ್ಕು ವರ್ಷದ ಹಿಂದೆ ಆ ಗೋದಾಮಿಗೆ ಸಾಧನ ಆರಿಸಿಕೊಟ್ಟವರು ಭೀಮರಾಜ್. ಒಳಗಿನ ಮೂಲೆಯಲ್ಲಿ ಪ್ಲೈವುಡ್ ಗೋಡೆ ಎಬ್ಬಿಸಿ ಮಾಡಿದ ಪುಟ್ಟ ದೇವರ ಕೋಣೆ ಇತ್ತು. ಗೋಡೆಯ ಆಚೆಗೇ ಕೊಬ್ಬರಿ ಚೀಲಗಳ ರಾಶಿ. ಭೀಮರಾಜ್ ಬಾಗಿಲ ಹೊರಗೆ ನಿಂತೇ ಹೇಳಿದರು: "ಯಜಮಾನ್ರೇ, ಇಡೀ ಗೋದಾಮಲ್ಲಿ ದಿನಾ ಬೆಂಕಿ ಹಚ್ಚೋ ಜಾಗ ಇದೊಂದೇ. ಧೂಪದ ಹೊಗೆ ಇರೋದ್ರಿಂದ ಹೊಗೆ ಡಬ್ಬಿ ಬ್ಯಾಡ, ಶಾಖದ್ದು ಒಂದು ಹಾಕಣ."

"ಅಲ್ಲಿ ಬ್ಯಾಡ ಬಿಡಪ್ಪ. ಅಲ್ಲಿ ದೇವ್ರೇ ಅವ್ನೆ, ನೋಡ್ಕೋತಾನೆ."

"ಐದು ನಿಮಿಷದ ಕೆಲ್ಸ ಯಜಮಾನ್ರೇ."

"ಏಣಿ ತಗೊಂಡು ಒಳಗೆ ಹೋಗ್ಬೇಕಲ್ಲಪ್ಪ... ಬ್ಯಾಡ."

ಇಷ್ಟೇ ಮಾತು. ಒಳಗೆ ಹೋಗಬಾರದ್ದು ಏಣಿಯೋ, ಏಣಿ ಹತ್ತುವವನೋ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಹೇಳದೆಯೂ ಇಬ್ಬರಿಗೂ ಗೊತ್ತಿತ್ತು. ಮುಂದಿನ ವಾರ ಬಣ್ಣ ಬಳಿಯುವವನು ಇದೇ ಏಣಿಯನ್ನು ಎರವಲು ಪಡೆದು ಅದೇ ಕೋಣೆಯೊಳಕ್ಕೆ ಹೋದ. ಅವನ ಜಾತಿ ಬೇರೆ. ಭೀಮರಾಜ್ ತಮ್ಮ ನಕ್ಷೆಯಲ್ಲಿ ಆ ಕೋಣೆಯ ಮೇಲೆ ಪೆನ್ಸಿಲಿನಲ್ಲಿ "ಶಾಖದ್ದು ಬೇಕು, ಮಾಲೀಕರು ಬೇಡವೆಂದರು" ಎಂದು ಬರೆದರು. ಜಯದೇವಪ್ಪನವರು ಅದರ ಕೆಳಗೆ ಸಹಿ ಹಾಕಿಕೊಟ್ಟರು.

ಹೋದ ಕಾರ್ತಿಕದ ಒಂದು ಸೋಮವಾರ. ಜಯದೇವಪ್ಪನವರು ಬೆಳಿಗ್ಗೆ ಹನ್ನೊಂದು ದೀಪ ಹಚ್ಚಿ, ಕೋಣೆಯ ಬಾಗಿಲು ಎಳೆದುಕೊಂಡು ಮಠಕ್ಕೆ ಹೋದರು. ಪರದೆಗೆ ಹತ್ತಿತು, ಪರದೆಯಿಂದ ಪ್ಲೈವುಡ್ಡಿಗೆ ಹತ್ತಿತು. ಹೊಗೆ ಗೋಡೆ ದಾಟಿ ಗೋದಾಮಿನ ಡಬ್ಬಿಗೆ ತಲುಪಿ ಹೂಟರ್ ಕೂಗುವ ಹೊತ್ತಿಗೆ ಎಂಟೂ ಐವತ್ತೆರಡು. ಅಷ್ಟರಲ್ಲಿ ಚೀಲದ ಕೊಬ್ಬರಿಯೆಲ್ಲ ಎಣ್ಣೆ ಒಸರಿ ಉರಿಯುತ್ತಿತ್ತು. ಚೀಲ ಎಳೆಯಲು ನುಗ್ಗಿದ ಹಳೆಯ ಹಮಾಲಿ ಏಕಾಂತಯ್ಯನವರ ಎರಡೂ ಅಂಗೈ ಬೆಂದವು. ಇವತ್ತಿಗೂ ಅವರ ಬೆರಳು ಪೂರ್ತಿ ಮಡಚುವುದಿಲ್ಲ. "ಆ ಕೋಣೇಲಿ ಒಂದು ಡಬ್ಬಿ ಇದ್ದಿದ್ರೆ ಇಪ್ಪತ್ತು ನಿಮಿಷ ಮುಂಚೆ ಕೂಗ್ತಿತ್ತು. ಒಂದು ಬಕೆಟ್ ನೀರಿನ ಬೆಂಕಿ ಅದು" ಎನ್ನುವಾಗ ಭೀಮರಾಜ್ ಹಲ್ಲು ಕಚ್ಚುತ್ತಾರೆ.

ಮೂರು ದಿನದ ಮೇಲೆ ವಿಮೆಯ ಸರ್ವೇಯರ್ ಬಂದರು. ದೇವರ ಕೋಣೆಗೆ ಬಾಗಿಲೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಎಲ್ಲರೂ ಚಪ್ಪಲಿ, ಬೂಟು ಹಾಕಿಕೊಂಡೇ ಒಳಗೆ ಓಡಾಡಿದರು. ಭೀಮರಾಜ್ ಕೂಡ ಹೋದರು, ಹುಟ್ಟಿದ ಮೇಲೆ ಮೊದಲ ಸಲ. ಯಾರೂ ತಡೆಯಲಿಲ್ಲ. ಬೂದಿಗೆ ಮಡಿಯಿಲ್ಲ.

"ಇಲ್ಲಿ ಯಾಕೆ ಏನೂ ಹಾಕಿಲ್ಲ?" ಎಂದು ಸರ್ವೇಯರ್ ಕೇಳಿದರು. ಎಪ್ಪತ್ತನಾಲ್ಕರ ಜಯದೇವಪ್ಪನವರು ನೆಲ ನೋಡಿದರು. ನಕ್ಷೆ ಭೀಮರಾಜ್ ಅವರ ಚೀಲದಲ್ಲೇ ಇತ್ತು. ಜಿಪ್ ಎಳೆದರೆ ಸಾಕಿತ್ತು.

"ಯಜಮಾನ್ರ ಮುಖ ನೋಡ್ದೆ. ಎಲ್ಲಾ ಕಳ್ಕಂಡೋರ ಮುಖ. ನಾಲ್ಕು ಜನದ ಮುಂದೆ ಅವ್ರನ್ನ ಯಾಕೆ ನಿಲ್ಲಿಸ್ಲಿ ಅನ್ನುಸ್ತು. ಪೂಜೆ ಹೊಗೆ ಜಾಸ್ತಿ ಸಾರ್, ಸುಮ್ಸುಮ್ನೆ ಬಡ್ಕಂತದೆ ಅಂತ ಹಾಕ್ಲಿಲ್ಲ ಅಂದ್ಬುಟ್ಟೆ."

"ಹೊಗೆ ಇದ್ರೆ ಹೀಟ್ ಡಿಟೆಕ್ಟರ್ ಹಾಕ್ಬೇಕು. ಅಷ್ಟೂ ಗೊತ್ತಿಲ್ವೇನ್ರೀ ನಿಮಗೆ?" ಎಂದರು ಸರ್ವೇಯರ್. ಕಣಕಟ್ಟೆಯಲ್ಲಿ ಹನ್ನೊಂದು ಕರಟ ಬಿಚ್ಚಿದ ಮನುಷ್ಯ, ಗೊತ್ತಿಲ್ಲದವನ ಹಾಗೆ ತಲೆ ತಗ್ಗಿಸಿ ನಿಂತರು. ಸರ್ವೇಯರ್ ಹೇಳಿಕೆ ಬರೆದುಕೊಂಡರು, ಕೆಳಗೆ ಭೀಮರಾಜ್ ಸಹಿ ಹಾಕಿದರು. ವರದಿಯಲ್ಲಿ ಒಂದು ಸಾಲು ಬಂತು: ಸೂಕ್ತ ಸಾಧನ ಆರಿಸುವಲ್ಲಿ ಅಳವಡಿಸಿದವರ ಅಜ್ಞಾನ.

ಆ ಸಾಲು ಬೆಂಕಿಗಿಂತ ಬೇಗ ಹರಡಿತು. ಕೊಬ್ಬರಿ ಮಾರುಕಟ್ಟೆಯಲ್ಲಿ "ಭೀಮರಾಜನಿಗೆ ಯಾವ್ದು ಎಲ್ಲಿ ಹಾಕ್ಬೇಕು ಅಂತ್ಲೇ ಗೊತ್ತಿಲ್ವಂತೆ" ಎಂಬ ಮಾತಾಯಿತು. ನೋಡಿಕೊಳ್ಳುತ್ತಿದ್ದ ಅರವತ್ತನಾಲ್ಕು ಜಾಗಗಳಲ್ಲಿ ಇಪ್ಪತ್ತಮೂರು ಕೈಬಿಟ್ಟವು. ಆಮೇಲೆ ನಕ್ಷೆಯ ನಕಲನ್ನು ವಿಮೆಯವರಿಗೆ ಕಳಿಸಿದರೆ, ತಾವೇ ಸಹಿ ಮಾಡಿದ ಹೇಳಿಕೆ ಇದೆಯಲ್ಲ ಎಂಬ ಉತ್ತರ ಬಂತು. ಜಯದೇವಪ್ಪನವರು ಬಾಯಿ ಬಿಡಲಿಲ್ಲ. "ಒಂದಲ್ಲ ಒಂದಿನ ಅವ್ರಾಗೇ ಹೇಳ್ತಾರೆ ಅಂತ ಕಾದೆ. ಎದುರಿಗೆ ಸಿಕ್ಕಾಗೆಲ್ಲ ಚೆನ್ನಾಗೇ ಮಾತಾಡುಸ್ತಾರೆ. ಊಟ ಆಯ್ತಾ ಅಂತಾರೆ. ಅದೊಂದು ಮಾತು ಮಾತ್ರ ಇಲ್ಲ."

ಭೀಮರಾಜ್ ಅವರ ಪತ್ನಿ ಮಂಜುಳಾ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಗಂಡ ಮಾಡಿದ್ದನ್ನು ದೊಡ್ಡತನ ಎಂದು ಅವರು ಒಪ್ಪುವುದಿಲ್ಲ. "ಅವ್ರ ಮಾನ ಮುಚ್ಚೋಕೆ ಹೋಗಿ ತಮ್ಮ ಕೆಲ್ಸದ ಮಾನ ಕಳ್ಕೊಂಡ್ರು. ಅವರ ತಪ್ಪಿಗೆ ನಾವೇ ಕಾರಣ ಹುಡುಕಿ ಕೊಡೋದು, ಇದು ನಮ್ಮ ಅಜ್ಜಂದಿರ ಕಾಲದ ಅಭ್ಯಾಸ. ಓದಿದ್ರೂ ಹೋಗಿಲ್ಲ ನೋಡಿ" ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತಾರೆ. ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಭೀಮರಾಜ್ ಅವರನ್ನು ಕೇಳಿದರೆ, "ಬರ್ಕಳಿ. ಈ ಸಲ ಮುಚ್ಚಿಡಲ್ಲ" ಎನ್ನುತ್ತಾರೆ.

ವರ್ತಕರೆಲ್ಲರೂ ಬಾಗಿಲ ಹೊರಗೇ ನಿಲ್ಲಿಸುವವರು ಎನ್ನಲಾಗದು. ಜಯದೇವಪ್ಪನವರ ದಾಯಾದಿಯೇ ಆದ ಕಾಂತಮ್ಮ, ಎಣ್ಣೆ ಗಾಣ ನಡೆಸುವವರು, ಬೆಂಕಿ ಬಿದ್ದ ತಿಂಗಳಲ್ಲೇ ಭೀಮರಾಜ್‌ಗೆ ಹೇಳಿಕಳಿಸಿದರು. ದೇವರ ಕೋಣೆಯ ಬಾಗಿಲು ತೆರೆದು, "ಬಾರಪ್ಪ, ಚಪ್ಪಲಿ ಬಿಟ್ಟು ಬಾ. ಎಲ್ಲಿ ಹಾಕ್ಬೇಕೋ ನೀನೇ ನೋಡು" ಎಂದರು. ಅಲ್ಲಿ ಶಾಖದ ಡಬ್ಬಿಯೊಂದನ್ನು ಹಾಕಲು ಐದು ನಿಮಿಷವೂ ಹಿಡಿಯಲಿಲ್ಲ. ಆದರೆ ಕಾಂತಮ್ಮನವರ ಒಂದು ಬಾಗಿಲು ಮಾರುಕಟ್ಟೆಯ ಬಾಯಿ ಮುಚ್ಚಿಸುವುದಿಲ್ಲ.

ಒಂಬತ್ತು ಗಂಟೆ. ಜಯದೇವಪ್ಪನವರ ಗೋದಾಮು ಹೊಸ ಶೀಟು ಹೊದ್ದು ನಿಂತಿದೆ. ದೇವರ ಕೋಣೆಗೆ ಈ ಸಲ ಇಟ್ಟಿಗೆ ಗೋಡೆ, ತೇಗದ ಬಾಗಿಲು. ಶ್ರಾವಣಕ್ಕೆ ಮುಂಚೆ ಪೂಜೆಯಾಗಬೇಕು, ಅದಕ್ಕೂ ಮುಂಚೆ ವಿಮೆಯವರಿಗೆ ಸಾಧನ ಕೂರಿಸಿದ ಪ್ರಮಾಣಪತ್ರ ಕೊಡಬೇಕು. ಜಯದೇವಪ್ಪನವರ ಮಗ ಶರತ್ಚಂದ್ರ ಎಂಜಿನಿಯರಿಂಗ್ ಓದಿದವರು. ಕಾಫಿ ತರಿಸುತ್ತಾರೆ, ಕುರ್ಚಿ ಕೊಡುತ್ತಾರೆ. ಕೋಣೆಗೆ ಶಾಖದ ಡಬ್ಬಿಯನ್ನೇ ಹಾಕಬೇಕೆಂದು ತಾವೇ ಹೇಳುತ್ತಾರೆ. ಭೀಮರಾಜ್ ಏಣಿ ಎತ್ತಿಕೊಂಡು ಬಾಗಿಲವರೆಗೆ ಹೋಗುತ್ತಾರೆ.

"ಭೀಮರಾಜ್, ಒಂದ್ನಿಮಿಷ. ತಪ್ಪು ತಿಳ್ಕೋಬೇಡಿ. ನನಗೇನೂ ಇಲ್ಲ, ಅಪ್ಪಾಜಿಗೋಸ್ಕರ. ನೀವು ಇಲ್ಲಿಂದಲೇ ಹೇಳ್ತಾ ಇರಿ, ಏಕಾಂತಯ್ಯ ಒಳಗೆ ತಿರುಪು ಹಾಕ್ತಾರೆ."

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಗುತ್ತೇವೆ. ಇಲ್ಲಿ ಬೆಂಕಿ ಬಿದ್ದು ಆರಿದ ಮೇಲೂ ಬಾವಿ ತೋಡಲು ಬಂದವನನ್ನು ಹೊರಗೇ ನಿಲ್ಲಿಸುತ್ತಾರೆ. ಏಕಾಂತಯ್ಯನವರು ಏಣಿ ಹತ್ತುತ್ತಾರೆ. ಬೆಂದು ಬಿಗಿದ ಬೆರಳುಗಳಿಗೆ ಸ್ಕ್ರೂಡ್ರೈವರ್ ದಕ್ಕುವುದಿಲ್ಲ. ಎರಡು ಸಲ ಕೆಳಗೆ ಬೀಳುತ್ತದೆ. ಮೂರನೆಯ ಸಲ ಹೇಗೋ ಡಬ್ಬಿ ಕೂರುತ್ತದೆ, ಸ್ವಲ್ಪ ವಾಲಿಕೊಂಡು. ಏಕಾಂತಯ್ಯನವರು ಬಾಗಿಲ ಕಡೆ ತಿರುಗಿ, "ಇದು ನನ್ ಕೆಲ್ಸ ಅಲ್ಲ ಕಣೋ ಭೀಮ" ಎಂದು ಮೆಲ್ಲಗೆ ಹೇಳುತ್ತಾರೆ. ಮೂಲೆಯ ಕುರ್ಚಿಯಲ್ಲಿ ಕೂತ ಜಯದೇವಪ್ಪನವರು ಈಗಲೂ ನೆಲವನ್ನೇ ನೋಡುತ್ತಿದ್ದಾರೆ.

ಶರತ್ಚಂದ್ರ ಪ್ರಮಾಣಪತ್ರ ಮುಂದಿಟ್ಟು ಪೆನ್ನು ಕೊಡುತ್ತಾರೆ. ಈ ಸಹಿ ಬಿದ್ದರೆ ಗೋದಾಮಿನ ಕೆಲಸ ಮತ್ತೆ ಕೈಗೆ ಬರುತ್ತದೆ, ಅದರ ಹಿಂದೆ ಬಿಟ್ಟುಹೋದ ವರ್ತಕರೂ ಬಂದಾರು. ಭೀಮರಾಜ್ ಕಾಗದವನ್ನು ಪೂರ್ತಿ ಓದುತ್ತಾರೆ. ಎಲ್ಲ ಸಾಧನಗಳನ್ನೂ ಸ್ವತಃ ಪರೀಕ್ಷಿಸಿದ್ದೇನೆ ಎಂಬ ಸಾಲಿಗೆ ಬಂದು ನಿಲ್ಲಿಸುತ್ತಾರೆ. ಪೆನ್ನಿನ ಮುಚ್ಚಳ ಹಾಕಿ ಕಾಗದದ ಮೇಲಿಡುತ್ತಾರೆ.

"ಒಂದು ಸಲ ಸುಳ್ಳಿಗೆ ಸಹಿ ಹಾಕಿದ್ದೀನಿ ಶರತ್ಚಂದ್ರ ಅವ್ರೇ, ಸಾಕು. ನಾನು ಪರೀಕ್ಷೆ ಮಾಡ್ದಿರೋ ಡಬ್ಬಿಗೆ ನನ್ ಸಹಿ ಇಲ್ಲ."

ಏಕಾಂತಯ್ಯನವರು ಏಣಿಯನ್ನು ಹೊರಗೆ ತಂದು ಕೊಡುತ್ತಾರೆ. ಭೀಮರಾಜ್ ಅದನ್ನು ಬೈಕಿಗೆ ಬಿಗಿಯುತ್ತಾರೆ. ಸಹಿಯಿಲ್ಲದ ಕಾಗದ ಒಳಗೆ ಮೇಜಿನ ಮೇಲೆ ಇದೆ. ಮಧ್ಯಾಹ್ನ ಬೇಲೂರಿನ ಲಾಡ್ಜಿಗೆ ಹೋಗಬೇಕು, ಅಲ್ಲಿ ಹದಿನೆಂಟು ಡಬ್ಬಿ ಕಾಯುತ್ತಿವೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡುತ್ತಾರೆ.

"ಆ ಕೋಣೆಗೆ ಒಂದು ಸಲ ಹೋಗಿದ್ದೀನಿ, ಬೂದಿ ತುಳ್ಕಂಡು. ಇನ್ನೊಂದು ಸಲ ಹೋಗ್ಬೇಕು ಕಣ್ರೀ, ಏಣಿ ತಗೊಂಡು. ಬೆಂಕಿ ಬೀಳೋಕ್ ಮುಂಚೆ."